ಕರ್ನಲ್ ಕಾಲಿನ್ ಮೆಕೆಂಜಿ: ಮೈಸೂರು ಸಂಸ್ಥಾನದ ಗಡಿಯನ್ನು ಅಳೆದು ನಕ್ಷೆಗೆ ತಂದ ಭೂಮಾಪಕ

ಪೀಠಿಕೆ

ಜಮೀನಿನ ಹದ್ದುಬಸ್ತು, ಪೋಡಿ ಹಾಗೂ ನಕ್ಷೆಯ ದೃಢೀಕೃತ ನಕಲು ಕೋರಿ ಪ್ರತಿದಿನವೂ ಅನೇಕ ನಾಗರಿಕರು ಅರ್ಜಿ ಸಲ್ಲಿಸುತ್ತಾರೆ. ದಾಖಲೆಯಲ್ಲಿ ವಿಸ್ತೀರ್ಣವು ಸ್ಪಷ್ಟವಾಗಿ ನಮೂದಾಗಿರುವಾಗ ಸ್ಥಳದಲ್ಲಿ ಮತ್ತೊಮ್ಮೆ ಅಳೆಯುವ ಅಗತ್ಯವೇನು, ಅಳತೆಗೆ ಮುನ್ನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ನೀಡುವುದೇಕೆ, ಒಂದು ಕಲ್ಲು ಕದಲಿದ ಮಾತ್ರಕ್ಕೆ ಇಷ್ಟೊಂದು ವಿಚಾರಣೆ ಏತಕ್ಕೆ ಎಂಬ ಪ್ರಶ್ನೆಗಳು ಅರ್ಜಿದಾರರಲ್ಲಿ ಮೂಡುವುದು ಸಹಜ.

ಇದೇ ಪ್ರಶ್ನೆಗಳು ಇನ್ನೂರು ವರ್ಷಗಳಿಗೂ ಹಿಂದೆ ಒಂದು ಹೊಲಕ್ಕೆ ಸಂಬಂಧಿಸಿದಂತೆ ಅಲ್ಲ, ಒಂದು ಇಡೀ ರಾಜ್ಯಕ್ಕೆ ಸಂಬಂಧಿಸಿದಂತೆ ಉದ್ಭವಿಸಿದ್ದವು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ರಾಜ್ಯವನ್ನು ಹಂಚಿಕೊಂಡಾಗ, ಯಾವ ಸೀಮೆ ಯಾರಿಗೆ ಸೇರತಕ್ಕದ್ದು ಎಂಬುದು ಲೆಕ್ಕದ ಪಟ್ಟಿಯಲ್ಲಿ ಬರೆಯಲ್ಪಟ್ಟಿತೇ ಹೊರತು ನೆಲದ ಮೇಲೆ ಎಳೆಯಲ್ಪಟ್ಟಿರಲಿಲ್ಲ. ಅಂದು ಮೈಸೂರು, ಹೈದರಾಬಾದಿನ ನಿಜಾಮರ ರಾಜ್ಯ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಪ್ರಾಂತಗಳು ಒಪ್ಪಂದಗಳ ಮೂಲಕ ವ್ಯವಹರಿಸುತ್ತಿದ್ದ ಪ್ರತ್ಯೇಕ ಪ್ರಭುತ್ವಗಳಾಗಿದ್ದುದರಿಂದ ಅವುಗಳ ನಡುವಿನ ಗಡಿಯು ಇಂದಿನ ಅಂತರರಾಷ್ಟ್ರೀಯ ಗಡಿಗೆ ಸಮಾನವಾದದ್ದಾಗಿತ್ತು. ಆ ಗಡಿಯನ್ನು ಸ್ಥಳದಲ್ಲಿ ಗುರುತಿಸಿ ನಕ್ಷೆಗೆ ತರುವ ಹೊಣೆಯನ್ನು ಹೊತ್ತವರು ಕರ್ನಲ್ ಕಾಲಿನ್ ಮೆಕೆಂಜಿ. ಮುಂದೆ ಇಡೀ ಭಾರತದ ಪ್ರಥಮ ಸರ್ವೇಯರ್ ಜನರಲ್ ಆದ ಇವರ ಜೀವನ ಮತ್ತು ಕಾರ್ಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಕಾಲಿನ್ ಮೆಕೆಂಜಿಯವರು ಸುಮಾರು 1754ರಲ್ಲಿ ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟೊರ್ನೊವೇ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ತಂದೆ ಮರ್ಡೋಕ್ ಮೆಕೆಂಜಿ ವ್ಯಾಪಾರಿಯಾಗಿದ್ದು, ಆ ಪಟ್ಟಣದ ಪ್ರಥಮ ಅಂಚೆ ಅಧಿಕಾರಿಯೂ ಆಗಿದ್ದರು. ಮೆಕೆಂಜಿಯವರು ಯೌವನದಲ್ಲಿ ಅದೇ ಊರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿ ಕೆಲವು ವರ್ಷ ಸೇವೆ ಸಲ್ಲಿಸಿದರು. ಲೆಕ್ಕ ಪುಸ್ತಕಗಳ ಶಿಸ್ತು ಅವರಿಗೆ ಅಲ್ಲಿಯೇ ರೂಢಿಯಾಯಿತು.

ಗಣಿತಶಾಸ್ತ್ರದಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಲಘುಗಣಕವನ್ನು ಕಂಡುಹಿಡಿದ ಜಾನ್ ನೇಪಿಯರ್ ಅವರ ವಂಶಸ್ಥರಾದ ನೇಪಿಯರ್ ಪ್ರಭುಗಳು ತಮ್ಮ ಪೂರ್ವಿಕರ ಜೀವನ ಚರಿತ್ರೆಯನ್ನು ಸಿದ್ಧಪಡಿಸುತ್ತಿದ್ದು, ಭಾರತೀಯ ಗಣಿತದ ಬಗ್ಗೆ ಮಾಹಿತಿ ಸಂಗ್ರಹಿಸುವ ಕಾರ್ಯದಲ್ಲಿ ಮೆಕೆಂಜಿಯವರ ನೆರವನ್ನು ಪಡೆದಿದ್ದರು. ಭಾರತದ ಕುರಿತಾದ ಕುತೂಹಲವು ಹೀಗೆ ಆರಂಭಗೊಂಡಿತು. 1783ರಲ್ಲಿ, ತಮ್ಮ 29ನೆಯ ವಯಸ್ಸಿನ ಸುಮಾರಿಗೆ, ಅವರು ಕಂಪನಿಯ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದಿಳಿದರು. ಸೈನ್ಯಕ್ಕೆ ಸೇರುವ ಇತರ ತರುಣರಿಗೆ ಹೋಲಿಸಿದಲ್ಲಿ ಅವರ ವಯಸ್ಸು ಹೆಚ್ಚೇ ಆಗಿತ್ತು. ನೇಪಿಯರ್ ಪ್ರಭುಗಳ ಪುತ್ರಿ ಹೆಸ್ಟರ್ ಜಾನ್‌ಸ್ಟನ್ ಅವರು ಆಗ ಮಧುರೆಯಲ್ಲಿ ನೆಲೆಸಿದ್ದು, ಅವರ ಮೂಲಕ ಅಲ್ಲಿಯ ಪಂಡಿತರ ಪರಿಚಯವಾಯಿತು. ಈ ನೆಲದ ವಿದ್ಯೆಯನ್ನು ಈ ನೆಲದ ವಿದ್ವಾಂಸರಿಂದಲೇ ತಿಳಿಯಬೇಕೆಂಬ ಅವರ ನಿಲುವಿಗೆ ಈ ಪರಿಚಯವು ತಳಹದಿಯಾಯಿತು.

ನಿಜಾಮರ ಸೀಮೆಯ ಭೂಮಾಪನ

1786ರಲ್ಲಿ ಇಂಜಿನಿಯರುಗಳ ದಳಕ್ಕೆ ವರ್ಗವಾದ ಮೆಕೆಂಜಿಯವರು 1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧದಲ್ಲಿ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿ ಭಾಗವಹಿಸಿದರು. 1792ರ ಒಪ್ಪಂದದಂತೆ ಟಿಪ್ಪು ಸುಲ್ತಾನರ ರಾಜ್ಯದ ಸುಮಾರು ಅರ್ಧ ಭಾಗವನ್ನು ಎದುರಾಳಿಗಳು ಹಂಚಿಕೊಂಡರು. ನಿಜಾಮರ ಪಾಲಿಗೆ ಬಂದ ಕಡಪ ಮುಂತಾದ ಸೀಮೆಗಳ ಭೂಗೋಳವನ್ನು ಪರಿಶೀಲಿಸಲು ಮೆಕೆಂಜಿಯವರನ್ನು ನಿಯೋಜಿಸಲಾಯಿತು.

ಈ ಕಾರ್ಯಕ್ಕೆ ದೊರೆತ ಸೌಲಭ್ಯಗಳು ಅತ್ಯಲ್ಪವಾಗಿದ್ದವು. ಇದರ ಮಧ್ಯೆ 1793ರಲ್ಲಿ ಪಾಂಡಿಚೇರಿಗೂ ತದನಂತರ ಸಿಂಹಳಕ್ಕೂ ಯುದ್ಧಕಾರ್ಯ ನಿಮಿತ್ತ ತೆರಳಬೇಕಾಯಿತು. ಆದಾಗ್ಯೂ 1796ರಲ್ಲಿ ನಿಜಾಮರ ರಾಜ್ಯದ ಸಾಮಾನ್ಯ ನಕ್ಷೆಯೊಂದನ್ನು ಅವರು ಸರ್ಕಾರಕ್ಕೆ ಸಲ್ಲಿಸಿದರು. ಇದೇ ಕಾಲದಲ್ಲಿ ಕಾವಲಿ ವೆಂಕಟ ಬೋರಯ್ಯ ಎಂಬ ಪ್ರತಿಭಾವಂತ ತೆಲುಗು ತರುಣರು ಅವರ ಸೇವೆಗೆ ಸೇರಿದರು. ಸಂಸ್ಕೃತ ಮತ್ತು ದೇಶಭಾಷೆಗಳಲ್ಲಿ ಪಾಂಡಿತ್ಯ ಹೊಂದಿದ್ದ ಬೋರಯ್ಯನವರು ಮೆಕೆಂಜಿಯವರ ಕೆಲಸದ ಸ್ವರೂಪವನ್ನೇ ಬದಲಿಸಿದರು. ದೇಶಭಾಷೆಗಳನ್ನು ಸ್ವತಃ ಕಲಿಯದೇ ಇದ್ದ ಮೆಕೆಂಜಿಯವರು ಈ ಕೊರತೆಯನ್ನು ಮುಚ್ಚಿಡದೆ, ತಮ್ಮ ಸಹಾಯಕರಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಕಡೆಯವರೆಗೂ ಬರವಣಿಗೆಯಲ್ಲಿ ದಾಖಲಿಸುತ್ತಾ ಬಂದರು.

1799ರ ಹಂಚಿಕೆ ಮತ್ತು ಲೆಕ್ಕದ ಪಟ್ಟಿಯ ಗಡಿ

ದಿನಾಂಕ 4ನೇ ಮೇ 1799ರಂದು ಶ್ರೀರಂಗಪಟ್ಟಣವು ಪತನಗೊಂಡು ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದರು. ಮೆಕೆಂಜಿಯವರು ಈ ಮುತ್ತಿಗೆಯಲ್ಲಿಯೂ ಇಂಜಿನಿಯರ್ ಆಗಿ ಭಾಗವಹಿಸಿದ್ದರು. 22ನೇ ಜೂನ್ 1799ರ ಒಪ್ಪಂದದ ಮೂಲಕ ರಾಜ್ಯವನ್ನು ಹಂಚಲಾಯಿತು. ಕೆನರಾ, ಕೊಯಮತ್ತೂರು ಮುಂತಾದ ಸೀಮೆಗಳು ಕಂಪನಿಗೆ, ಗುತ್ತಿ, ಗುರ್ರಂಕೊಂಡ ಮುಂತಾದವು ನಿಜಾಮರಿಗೆ ಸೇರಿದವು. ಉಳಿದ ಭಾಗವನ್ನು ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ವಹಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ನೇಮಿಸಲಾಯಿತು.

ಈ ಹಂಚಿಕೆಯ ಆಧಾರವು ನಕ್ಷೆಯಾಗಿರಲಿಲ್ಲ ಎಂಬುದು ಗಮನಾರ್ಹ. ಟಿಪ್ಪು ಸುಲ್ತಾನರ ಕಂದಾಯ ಇಲಾಖೆಯ ಲೆಕ್ಕಗಳಿಂದ ತಾಲ್ಲೂಕುಗಳ ಹೆಸರು ಮತ್ತು ಅವುಗಳ ಹುಟ್ಟುವಳಿಯನ್ನು ವರಾಹಗಳಲ್ಲಿ ಪಟ್ಟಿ ಮಾಡಿ, ಆ ಪಟ್ಟಿಗಳನ್ನೇ ಒಪ್ಪಂದಕ್ಕೆ ಅನುಸೂಚಿಗಳನ್ನಾಗಿ ಲಗತ್ತಿಸಲಾಗಿತ್ತು. ಹುಟ್ಟುವಳಿಯ ಮೊತ್ತವು ಸರಿಹೊಂದಿದರೆ ಪಾಲು ಸರಿಯಾಯಿತೆಂದು ಭಾವಿಸಲಾಗಿತ್ತು. ಒಂದು ತಾಲ್ಲೂಕು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಅದರ ಗ್ರಾಮಗಳು ಯಾವುವು, ಎರಡು ಸೀಮೆಗಳ ನಡುವಿನ ಬೆಟ್ಟ, ಕಾಡು, ಕೆರೆಗಳು ಯಾರಿಗೆ ಸೇರತಕ್ಕವು ಎಂಬ ವಿಷಯಗಳನ್ನು ಪಟ್ಟಿಯು ತಿಳಿಸುತ್ತಿರಲಿಲ್ಲ. ಒಂದು ತಾಲ್ಲೂಕಿನ ಲೆಕ್ಕಕ್ಕೆ ಸೇರಿದ ಗ್ರಾಮವು ಮತ್ತೊಂದು ತಾಲ್ಲೂಕಿನ ಮಧ್ಯದಲ್ಲಿ ಇರುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ತಾಲ್ಲೂಕುಗಳು ಒಂದೇ ರಾಜ್ಯದಲ್ಲಿದ್ದಾಗ ಇದರಿಂದ ಹೆಚ್ಚಿನ ತೊಂದರೆಯಿರಲಿಲ್ಲ. ಅವು ಬೇರೆ ಬೇರೆ ರಾಜ್ಯಗಳ ಪಾಲಾದ ಕೂಡಲೇ, ಅಂತಹ ಗ್ರಾಮದ ರೈತನು ಕಂದಾಯವನ್ನು ಯಾರಿಗೆ ಕೊಡಬೇಕು, ವ್ಯಾಜ್ಯವನ್ನು ಯಾರ ಬಳಿ ಒಯ್ಯಬೇಕು ಎಂಬುದೇ ಪ್ರಶ್ನೆಯಾಯಿತು.

ಗಡಿಯು ಸ್ಥಿರವಾಗಿಯೂ ನಿಲ್ಲಲಿಲ್ಲ. ಮರಾಠರ ಪೇಶ್ವೆಗಾಗಿ ಮೀಸಲಿರಿಸಿದ್ದ ಸೋಂದಾ, ಹರಪನಹಳ್ಳಿ ಮುಂತಾದ ಸೀಮೆಗಳನ್ನು ಅವರು ಷರತ್ತುಗಳ ಮೇರೆಗೆ ಸ್ವೀಕರಿಸಲು ನಿರಾಕರಿಸಿದ್ದರಿಂದ ಅವು ಕಂಪನಿ ಮತ್ತು ನಿಜಾಮರ ನಡುವೆ ಹಂಚಿಕೆಯಾದವು. 1800ರ ಅಕ್ಟೋಬರ್ ಮಾಹೆಯಲ್ಲಿ ನಿಜಾಮರು 1792 ಮತ್ತು 1799ರಲ್ಲಿ ತಮಗೆ ದೊರೆತಿದ್ದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿ, ಅನಂತಪುರ, ಕಡಪ ಭಾಗಗಳು ದತ್ತ ಮಂಡಲಗಳೆಂದು ಹೆಸರಾದದ್ದು ಹೀಗೆ. 1803ರ ಡಿಸೆಂಬರ್ ಮಾಹೆಯಲ್ಲಿ ಪೂರಕ ಒಪ್ಪಂದವೊಂದರ ಮೂಲಕ ಹೊಳಲ್ಕೆರೆ, ಮಾಯಕೊಂಡ ಮತ್ತು ಹರಿಹರ ಸೀಮೆಗಳು ಮೈಸೂರಿಗೆ ಸೇರಿ, ವಯನಾಡು ಮುಂತಾದವು ಕಂಪನಿಗೆ ವರ್ಗಾವಣೆಯಾದವು. ಐದು ವರ್ಷಗಳೊಳಗೆ ಉತ್ತರ ಗಡಿಯ ಕೆಲವು ಊರುಗಳ ಜನರು ತಾವಿದ್ದ ಸ್ಥಳದಿಂದ ಕದಲದೆಯೇ ಒಂದಕ್ಕಿಂತ ಹೆಚ್ಚು ಬಾರಿ ಪ್ರಭುತ್ವದ ಬದಲಾವಣೆಯನ್ನು ಕಂಡರು.

ಮೈಸೂರು ಭೂಮಾಪನ

ಇಂತಹ ಸನ್ನಿವೇಶದಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯವರು ಮೈಸೂರು ರಾಜ್ಯದ ಭೂಮಾಪನಕ್ಕೆ ಆದೇಶ ನೀಡಿ, ಅದರ ಮುಖ್ಯಸ್ಥರನ್ನಾಗಿ ಮೆಕೆಂಜಿಯವರನ್ನು ನೇಮಿಸಿದರು. 1800ರಲ್ಲಿ ಕ್ಷೇತ್ರಕಾರ್ಯವು ಆರಂಭವಾಯಿತು. ಇದೇ ವರ್ಷ ವಿಲಿಯಂ ಲ್ಯಾಂಬ್ಟನ್ ಅವರು ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಮಿತಿ ಭೂಮಾಪನಕ್ಕೆ ನಾಂದಿ ಹಾಡಿದರು. ಫ್ರಾನ್ಸಿಸ್ ಬುಕಾನನ್ ಅವರು ಕೃಷಿ ಮತ್ತು ಕಸುಬುಗಳ ವಿವರ ಸಂಗ್ರಹಕ್ಕಾಗಿ ಮೈಸೂರು, ಕೆನರಾ ಮತ್ತು ಮಲಬಾರುಗಳ ಪ್ರವಾಸ ಕೈಗೊಂಡರು. ದೂರದ ಬೆಟ್ಟಗಳ ಸ್ಥಾನವನ್ನು ನಿಖರಗೊಳಿಸುವುದು ಲ್ಯಾಂಬ್ಟನ್ ಅವರ ಕಾರ್ಯವಾಗಿದ್ದರೆ, ಆ ಬೆಟ್ಟಗಳ ನಡುವಣ ಊರು, ಕೆರೆ, ಹಳ್ಳ, ದಾರಿ, ಕೋಟೆ ಮತ್ತು ಸೀಮಾರೇಖೆಗಳನ್ನು ತುಂಬುವುದು ಮೆಕೆಂಜಿಯವರ ಕಾರ್ಯವಾಗಿತ್ತು.

ಒಪ್ಪಂದವು ನೆಲದ ಮೇಲೆ ಏನನ್ನು ಹೇಳುತ್ತದೆ ಎಂಬುದು ತುರ್ತಾಗಿ ತಿಳಿಯಬೇಕಿದ್ದುದರಿಂದ ಆರಂಭದಲ್ಲಿ ಗಡಿ ಪ್ರದೇಶಗಳಿಗೆ ಪ್ರಾಶಸ್ತ್ಯ ನೀಡಲಾಯಿತು. ಚಿತ್ರದುರ್ಗ ಮತ್ತು ಹರಿಹರದ ಕಡೆಯ ಉತ್ತರ ಗಡಿಯು ಆಗ ಶಾಂತವಾಗಿರಲಿಲ್ಲ. ಧೋಂಡಿಯ ವಾಘನ ದಂಡು ಆ ಭಾಗದಲ್ಲಿ ಸಂಚರಿಸುತ್ತಿದ್ದು, 1800ರ ಸೆಪ್ಟೆಂಬರ್ ಮಾಹೆಯಲ್ಲಿ ಅವನು ಯುದ್ಧದಲ್ಲಿ ಹತನಾದ ಬಳಿಕವಷ್ಟೇ ಅಲ್ಲಿ ನೆಮ್ಮದಿ ನೆಲೆಸಿತು.

ಭೂಮಾಪನ ತಂಡದಲ್ಲಿ ಬಾರಾಮಹಲ್ ಸೀಮೆಯನ್ನು ಹಿಂದೆ ಅಳೆದು ಅನುಭವ ಹೊಂದಿದ್ದ ಜಾನ್ ಮ್ಯಾದರ್, ಸೈನ್ಯಾಧಿಕಾರಿಗಳಾದ ಜಾನ್ ವಾರನ್ ಮತ್ತು ಥಾಮಸ್ ಆರ್ಥರ್, ವೈದ್ಯರೂ ಸಸ್ಯಶಾಸ್ತ್ರಜ್ಞರೂ ಆದ ಬೆಂಜಮಿನ್ ಹೈನೆ ಇದ್ದರು. 1794ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾಗಿದ್ದ ಭೂಮಾಪನ ಶಾಲೆಯಲ್ಲಿ ತರಬೇತಿ ಪಡೆದ ಹುಡುಗರು ಸಹಾಯಕರಾಗಿ ಸೇರಿದ್ದರು. ಇವರಲ್ಲಿ ಹೆಚ್ಚಿನವರು ಅನಾಥಾಲಯದಿಂದ ಬಂದ ಕಿರಿಯರು. ಇವರೆಲ್ಲರೊಂದಿಗೆ ಲಿಪಿಕಾರರು, ದುಭಾಷಿಗಳು, ಸರಪಣಿ ಹಿಡಿಯುವವರು ಮತ್ತು ಧ್ವಜ ಹೊರುವವರು ಕಾರ್ಯನಿರ್ವಹಿಸಿದರು.

ಅಳತೆಯ ವಿಧಾನ

ಮೆಕೆಂಜಿಯವರ ವಿಧಾನವು ಎರಡು ಭಾಗಗಳನ್ನು ಒಳಗೊಂಡಿತ್ತು. ಮೊದಲನೆಯದು ಉಪಕರಣಗಳಿಂದ ಮಾಡುವ ಅಳತೆ. ಸಮತಟ್ಟಾದ ನೆಲದಲ್ಲಿ ಆಧಾರರೇಖೆಯೊಂದನ್ನು ಸರಪಣಿಯಿಂದ ಅಳೆದು, ಅದರ ಎರಡೂ ತುದಿಗಳಿಂದ ಬೆಟ್ಟದ ನೆತ್ತಿ, ಗೋಪುರ ಮುಂತಾದ ಎತ್ತರದ ಗುರುತುಗಳಿಗೆ ಥಿಯೋಡೊಲೈಟ್ ಯಂತ್ರದಿಂದ ಕೋನಗಳನ್ನು ತೆಗೆದುಕೊಳ್ಳಲಾಗುತ್ತಿತ್ತು. ತ್ರಿಭುಜದ ಒಂದು ಭುಜ ಮತ್ತು ಕೋನಗಳು ತಿಳಿದಲ್ಲಿ ಉಳಿದ ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹೀಗೆ ತ್ರಿಭುಜಕ್ಕೆ ತ್ರಿಭುಜವನ್ನು ಸೇರಿಸುತ್ತಾ ಸೀಮೆಯ ಮೇಲೆ ಬಲೆಯೊಂದನ್ನು ಹರಡಿ, ಅದರೊಳಗಿನ ದಾರಿಗಳನ್ನು ಅಳತೆಚಕ್ರದಿಂದ ಅಳೆದು ಊರುಗಳನ್ನು ಗುರುತಿಸಲಾಗುತ್ತಿತ್ತು. ದಾರಿಯ ಅಳತೆಯಲ್ಲಿ ತಪ್ಪಾದರೆ ತ್ರಿಭುಜಗಳ ಬಲೆಯು ಅದನ್ನು ತೋರಿಸಿಕೊಡುತ್ತಿತ್ತು.

ಎರಡನೆಯದು ವಿಚಾರಣೆ. ಬೆಟ್ಟ ಎಲ್ಲಿದೆ ಎಂಬುದನ್ನು ಯಂತ್ರವು ಹೇಳಬಲ್ಲದು. ಅದು ಯಾವ ಊರಿಗೆ ಸೇರಿದ್ದೆಂಬುದನ್ನು ಹೇಳಲಾರದು. ಅದಕ್ಕೆ ಗ್ರಾಮದ ಗೌಡ, ಶಾನುಭೋಗ ಮತ್ತು ಊರಿನ ಎಲ್ಲೆಯನ್ನು ಕಾಯ್ದು, ವ್ಯಾಜ್ಯದ ಕಾಲದಲ್ಲಿ ಅದರ ಬಗ್ಗೆ ಸಾಕ್ಷ್ಯ ನುಡಿಯುತ್ತಿದ್ದ ಗ್ರಾಮಸೇವಕರೇ ಆಧಾರವಾಗಿದ್ದರು. ಕಡತಗಳಲ್ಲಿನ ಲೆಕ್ಕವನ್ನು ಹಿರಿಯರ ನೆನಪಿನೊಡನೆ ಹೋಲಿಸಿ, ಅವೆರಡನ್ನೂ ಸ್ಥಳದ ಗುರುತುಗಳೊಡನೆ ತಾಳೆ ನೋಡಬೇಕಿತ್ತು. ಪ್ರತಿ ಊರಿನ ಹೆಸರನ್ನು ಸ್ಥಳೀಯರ ಉಚ್ಚಾರಣೆಯಂತೆ ಬರೆದುಕೊಂಡು, ಕೆರೆ, ದೇವಾಲಯ, ಮನೆಗಳ ವಿವರಗಳನ್ನು ಕ್ರೋಢೀಕರಿಸಲಾಗುತ್ತಿತ್ತು.

ಈ ವಿಚಾರಣೆಯು ಸುಲಭವಾಗಿರಲಿಲ್ಲ. ಅಳೆಯುವವರು ಬಂದರೆಂದರೆ ಕಂದಾಯ ಏರುವುದೆಂಬ ಭೀತಿ ಜನರಲ್ಲಿತ್ತು. ಯುದ್ಧವನ್ನೂ ದಂಡಿನ ಲೂಟಿಯನ್ನೂ ಕಂಡಿದ್ದ ರೈತರು ಪರದೇಶದ ಅಧಿಕಾರಿಯನ್ನು ಸಂಶಯದಿಂದ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಸಂಶಯವು ನಿರಾಧಾರವೂ ಆಗಿರಲಿಲ್ಲ. ಭೂಮಾಪನವು ಗೆದ್ದವರ ಆಡಳಿತದ ಅನುಕೂಲಕ್ಕಾಗಿಯೇ ಕೈಗೊಂಡ ಕಾರ್ಯವಾಗಿತ್ತು. ಊರಿನ ಚಾವಡಿಯಲ್ಲಿ ಕುಳಿತು ಜನರ ಭಾಷೆಯಲ್ಲಿಯೇ ಮಾತನಾಡಿ ವಿಶ್ವಾಸ ಗಳಿಸಿದವರು ಬೋರಯ್ಯ ಮತ್ತು ಅವರ ಸಂಗಡಿಗರು.

ಶಾಸನಗಳು ಮತ್ತು ಎಲ್ಲೆ ಕಲ್ಲುಗಳು

ಗಡಿಯ ವಿಚಾರಣೆಯೇ ಮೆಕೆಂಜಿಯವರನ್ನು ಶಾಸನಗಳ ಕಡೆಗೆ ಮತ್ತಷ್ಟು ಸೆಳೆಯಿತು. ಕರ್ನಾಟಕದ ದಾನ ಶಾಸನಗಳಲ್ಲಿ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ವಿವರಿಸುವುದು ವಾಡಿಕೆ. ಮೂಡಲಿಗೆ ಹಳ್ಳ, ತೆಂಕಲಿಗೆ ಕೆರೆಯ ಏರಿ, ಪಡುವಲಿಗೆ ಬಂಡೆ, ಬಡಗಲಿಗೆ ಹುತ್ತ ಅಥವಾ ಮರ ಎಂಬಂತಹ ಗುರುತುಗಳನ್ನು ಅವು ನೀಡುತ್ತವೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದೇವಾಲಯದ ಭೂಮಿಗೆ ವಾಮನಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲುಗಳನ್ನು ನೆಡುತ್ತಿದ್ದರು. ಶಾಸನಗಳು ಅರಸರ ಹೊಗಳಿಕೆ ಮಾತ್ರವಲ್ಲ, ಭೂಹಿಡುವಳಿಯ ದಾಖಲೆಗಳೂ ಹೌದು ಎಂಬುದನ್ನು ಮೆಕೆಂಜಿಯವರು ಮನಗಂಡರು. ಅವರು ಶಾಸನಗಳ ನಕಲು ತೆಗೆಸಿ, ಅನುವಾದ ಮಾಡಿಸಿ ಸಂಗ್ರಹಿಸುವ ವ್ಯವಸ್ಥೆಯನ್ನು ಭೂಮಾಪನದೊಂದಿಗೇ ನಡೆಸಿದರು.

ಹಳಗನ್ನಡ ಶಾಸನಗಳನ್ನು ಓದುವಲ್ಲಿ ಮೈಸೂರು ಸೀಮೆಯ ಜೈನ ಪಂಡಿತರಾದ ಧರ್ಮಯ್ಯನವರು ನೆರವಾದರು. ಮುಂದೆ ರಾಜಾವಳಿ ಕಥೆಯನ್ನು ರಚಿಸಿದ ಕನಕಗಿರಿಯ ದೇವಚಂದ್ರ ಕವಿಯೂ ಮೆಕೆಂಜಿಯವರ ಸಂಪರ್ಕಕ್ಕೆ ಬಂದವರೇ. ಊರುಗಳ ಹಿರಿಯರಿಂದ ಬರೆಸಿಕೊಂಡ ಸ್ಥಳವೃತ್ತಾಂತಗಳು ಕೈಫಿಯತ್ತುಗಳೆಂದು ಪ್ರಸಿದ್ಧವಾಗಿವೆ. 1799ರಲ್ಲಿ ಹಂಪಿಗೆ ಭೇಟಿ ನೀಡಿದ ಮೆಕೆಂಜಿಯವರು ಅಲ್ಲಿಯ ಅವಶೇಷಗಳ ನಕ್ಷೆಯನ್ನೂ ಸಿದ್ಧಪಡಿಸಿದ್ದರು.

ಅಡಚಣೆಗಳು ಮತ್ತು ನಷ್ಟಗಳು

ಕಾರ್ಯವು ಆರಂಭವಾದ ಸ್ವಲ್ಪ ಕಾಲದಲ್ಲಿಯೇ ಮಿತವ್ಯಯದ ಕಾರಣ ನೀಡಿ ಭತ್ಯೆಗಳನ್ನು ಕಡಿತಗೊಳಿಸಲಾಯಿತು. ವೈದ್ಯರನ್ನು ತಂಡದಿಂದ ಬೇರ್ಪಡಿಸಲಾಯಿತು. ಜಾನ್ ವಾರನ್ ಅವರು 1802ರಲ್ಲಿ ಲ್ಯಾಂಬ್ಟನ್ ಅವರ ತಂಡಕ್ಕೆ ವರ್ಗವಾದರು. ಮಲೆನಾಡಿನ ಅಂಚಿನ ಕಾಡುಗಳಲ್ಲಿ ಜ್ವರದ ಬಾಧೆಗೆ ಸಹಾಯಕರು ಪದೇ ಪದೇ ತುತ್ತಾದರು. ಮೆಕೆಂಜಿಯವರ ಆರೋಗ್ಯವೂ ಕೆಟ್ಟಿತು.

ಎಲ್ಲಕ್ಕಿಂತ ದೊಡ್ಡ ನಷ್ಟವು 1803ರಲ್ಲಿ ಸಂಭವಿಸಿತು. ಇನ್ನೂ 30 ವರ್ಷ ತುಂಬದಿದ್ದ ಬೋರಯ್ಯನವರು ಆ ವರ್ಷ ನಿಧನರಾದರು. ಅವರ ಸಹೋದರ ಕಾವಲಿ ವೆಂಕಟ ಲಕ್ಷ್ಮಯ್ಯನವರು ಆ ಸ್ಥಾನವನ್ನು ವಹಿಸಿಕೊಂಡು ಮೆಕೆಂಜಿಯವರ ಕೊನೆಯ ದಿನಗಳವರೆಗೂ ಕಾರ್ಯವನ್ನು ಮುನ್ನಡೆಸಿದರು. ಮತ್ತೊಬ್ಬ ಸಹೋದರ ಕಾವಲಿ ವೆಂಕಟ ರಾಮಸ್ವಾಮಿಯವರೂ ಈ ಕಾರ್ಯದಲ್ಲಿ ತೊಡಗಿದ್ದರು.

ನಕ್ಷೆಗಳ ಸಲ್ಲಿಕೆ

1808ರ ವೇಳೆಗೆ ಕಾರ್ಯವು ಪೂರ್ಣಗೊಂಡಿತು. ಸುಮಾರು 40,000 ಚದರ ಮೈಲಿ ಪ್ರದೇಶವನ್ನು ಒಳಗೊಂಡ ಸಾಮಾನ್ಯ ನಕ್ಷೆ, ಪ್ರಾಂತವಾರು ನಕ್ಷೆಗಳು ಮತ್ತು ಏಳು ಸಂಪುಟಗಳ ವಿವರಣಾ ಗ್ರಂಥವನ್ನು ಸರ್ಕಾರಕ್ಕೆ ಸಲ್ಲಿಸಲಾಯಿತು. ಹಿಂದೆ ವೆಚ್ಚದ ಬಗ್ಗೆ ಆಕ್ಷೇಪಿಸಿದ್ದ ಕಂಪನಿಯ ನಿರ್ದೇಶಕ ಮಂಡಳಿಯು 1810ರಲ್ಲಿ ಈ ಕಾರ್ಯದ ಬಗ್ಗೆ ತನ್ನ ಮೆಚ್ಚುಗೆಯನ್ನು ದಾಖಲಿಸಿತು.

1810ರಲ್ಲಿ ಮೆಕೆಂಜಿಯವರು ಮದರಾಸಿನ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. ಗಡಿಯ ಆಚೆಗಿದ್ದ ದತ್ತ ಮಂಡಲಗಳ ಭೂಮಾಪನವೂ ಅವರ ಮೇಲ್ವಿಚಾರಣೆಯಲ್ಲಿಯೇ, ಅವರು ಪಳಗಿಸಿದ ಸಹಾಯಕರಿಂದ ನಡೆಯಿತು. ಹೀಗಾಗಿ ಮೈಸೂರಿನ ಉತ್ತರ ಮತ್ತು ಪೂರ್ವ ಗಡಿಯ ಎರಡೂ ಬದಿಗಳು ಒಂದೇ ಪದ್ಧತಿಯ ಅಳತೆಗೆ ಒಳಪಟ್ಟವು.

ಆ ಗಡಿಯ ಗುರುತುಗಳು ಇಂದಿಗೂ ಅಳಿದಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬಹುತೇಕ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ. ಅದರ ದಕ್ಷಿಣದಲ್ಲಿ ಆಂಧ್ರಪ್ರದೇಶದ ಮಡಕಶಿರಾ ಸೀಮೆಯು ಕರ್ನಾಟಕದೊಳಕ್ಕೆ ಚಾಚಿಕೊಂಡಿದೆ. ನಕ್ಷೆಯನ್ನು ನೋಡಿದವರಿಗೆ ವಿಚಿತ್ರವೆನಿಸುವ ಈ ಅಂಕುಡೊಂಕು 1799ರ ಹಂಚಿಕೆಯಿಂದ ಬಂದದ್ದು. ಪಾವಗಡವು ಮೈಸೂರಿನ ಪಾಲಿಗೆ ಉಳಿಯಿತು. ಮಡಕಶಿರಾ ನಿಜಾಮರ ಪಾಲಿಗೆ ಬಂದು, 1800ರಲ್ಲಿ ದತ್ತ ಮಂಡಲಗಳಿಗೆ ಸೇರಿತು. ಪಟ್ಟಿಯಲ್ಲಿನ ಎರಡು ಹೆಸರುಗಳು ಎರಡು ರಾಜ್ಯಗಳಾಗಿ ಉಳಿದುದಕ್ಕೆ ಇದು ನಿದರ್ಶನ. ಇದೇ ದತ್ತ ಮಂಡಲಗಳ ಬಳ್ಳಾರಿ, ಹರಪನಹಳ್ಳಿ ಭಾಗಗಳು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು.

ಜಾವಾ ಮತ್ತು ಕಲ್ಕತ್ತಾ

1811ರಲ್ಲಿ ಜಾವಾ ದ್ವೀಪದ ಮೇಲಿನ ದಂಡಯಾತ್ರೆಯಲ್ಲಿ ಭಾಗವಹಿಸಿದ ಮೆಕೆಂಜಿಯವರು 1813ರವರೆಗೆ ಅಲ್ಲಿದ್ದು, ಅಲ್ಲಿಯ ಭೂಹಿಡುವಳಿ ಪದ್ಧತಿಯ ವಿಚಾರಣೆಗಾಗಿ ರಚಿತವಾದ ಆಯೋಗದ ಮುಖ್ಯಸ್ಥರಾಗಿದ್ದರು. 1812ರಲ್ಲಿ ಅಲ್ಲಿಯೇ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಅವರನ್ನು ವಿವಾಹವಾದರು. 1815ರಲ್ಲಿ ಮೂರು ಪ್ರಾಂತಗಳ ಭೂಮಾಪನ ಕಚೇರಿಗಳನ್ನು ಒಗ್ಗೂಡಿಸಿ ಸೃಷ್ಟಿಸಿದ ಭಾರತದ ಸರ್ವೇಯರ್ ಜನರಲ್ ಹುದ್ದೆಗೆ ಅವರನ್ನು ನೇಮಿಸಲಾಯಿತು. 1817ರಲ್ಲಿ ಅವರು ಕಲ್ಕತ್ತೆಗೆ ತೆರಳಿ ಕಾರ್ಯಭಾರ ನಡೆಸಿದರು. ಲಕ್ಷ್ಮಯ್ಯನವರನ್ನು ಒಳಗೊಂಡಂತೆ ಅವರ ಕೆಲವು ಸಹಾಯಕರು ಜೊತೆಯಲ್ಲಿಯೇ ಕಲ್ಕತ್ತೆಗೆ ಹೋದರು.

1816ರಲ್ಲಿ ಚಿತ್ರಕಾರ ಥಾಮಸ್ ಹಿಕಿ ರಚಿಸಿದ ಮೆಕೆಂಜಿಯವರ ಭಾವಚಿತ್ರವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಕೆಂಪು ಸಮವಸ್ತ್ರದಲ್ಲಿರುವ ಮೆಕೆಂಜಿಯವರ ಜೊತೆಗೆ ಮೂವರು ಭಾರತೀಯ ಸಹಾಯಕರನ್ನೂ ಅದರಲ್ಲಿ ಚಿತ್ರಿಸಲಾಗಿದೆ. ಒಬ್ಬರ ಕೈಯಲ್ಲಿ ತಾಳೆಗರಿಯ ಕಟ್ಟು, ಮತ್ತೊಬ್ಬರ ಕೈಯಲ್ಲಿ ದೂರದರ್ಶಕವಿದೆ. ಹಿನ್ನೆಲೆಯಲ್ಲಿ ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟನ ವಿಗ್ರಹವು ಕಾಣುತ್ತದೆ.

ನಿಧನ ಮತ್ತು ಸಂಗ್ರಹ

ಮೆಕೆಂಜಿಯವರು ಮರಳಿ ತಮ್ಮ ದ್ವೀಪವನ್ನು ನೋಡಲಿಲ್ಲ. ತಾವು ಸಂಗ್ರಹಿಸಿದ ಸಾಮಗ್ರಿಯನ್ನು ಕ್ರಮಬದ್ಧವಾಗಿ ಪ್ರಕಟಿಸಬೇಕೆಂಬ ಅವರ ಆಶಯವೂ ಈಡೇರಲಿಲ್ಲ. ದಿನಾಂಕ 8ನೇ ಮೇ 1821ರಂದು ಕಲ್ಕತ್ತೆಯ ಬಳಿ ಹೂಗ್ಲಿ ನದಿಯಲ್ಲಿ ಪ್ರಯಾಣಿಸುತ್ತಿದ್ದಾಗ ಅವರು ನಿಧನರಾದರು. ಅಲ್ಲಿಯ ದಕ್ಷಿಣ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರ ಸಂಗ್ರಹವನ್ನು ಕಂಪನಿಯು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗಳಿಗೆ ಖರೀದಿಸಿತು. ಎಚ್.ಎಚ್. ವಿಲ್ಸನ್ ಅವರು 1828ರಲ್ಲಿ ಪ್ರಕಟಿಸಿದ ಸೂಚಿಯಂತೆ ಅದರಲ್ಲಿ 1,568 ಹಸ್ತಪ್ರತಿಗಳು, 2,070 ಸ್ಥಳವೃತ್ತಾಂತಗಳು, 8,076 ಶಾಸನ ಪ್ರತಿಗಳು, 2,159 ಅನುವಾದಗಳು, 79 ನಕ್ಷೆಗಳು, 2,630 ಚಿತ್ರಗಳು ಮತ್ತು 6,218 ನಾಣ್ಯಗಳಿದ್ದವು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಇನ್ನುಳಿದ ದಾಖಲೆಗಳು, ಚಿತ್ರಗಳು ಮತ್ತು ನಕ್ಷೆಗಳ ಬಹುಭಾಗವು ಲಂಡನ್ನಿನಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದೆ.

ಸಾರ್ವಜನಿಕರ ಗಮನಕ್ಕೆ

ಮೆಕೆಂಜಿಯವರ ನಕ್ಷೆಗಳು ಗ್ರಾಮ, ಕೆರೆ, ದಾರಿ ಮತ್ತು ಸೀಮೆಗಳನ್ನು ತೋರಿಸುವ ನಕ್ಷೆಗಳಾಗಿದ್ದು, ಪ್ರತ್ಯೇಕ ಹೊಲಗಳ ಗಡಿಯನ್ನು ತೋರಿಸುವುದಿಲ್ಲ. ಹಳೆಯ ಮೈಸೂರು ಪ್ರದೇಶದಲ್ಲಿ ಸರ್ವೆ ನಂಬರುಗಳನ್ನು ನೀಡಿ ಹೊಲವಾರು ಅಳತೆ ಮಾಡುವ ಕಂದಾಯ ಭೂಮಾಪನವು 1863ರಲ್ಲಿ ಆರಂಭವಾಯಿತು. ಆದುದರಿಂದ ಜಮೀನಿನ ಹದ್ದುಬಸ್ತು ಅಥವಾ ಪೋಡಿಗೆ ಸಂಬಂಧಿಸಿದಂತೆ ಟಿಪ್ಪಣಿ, ಆಕಾರ್‌ಬಂದ್ ಮತ್ತು ಗ್ರಾಮ ನಕ್ಷೆಗಳೇ ಆಧಾರ ದಾಖಲೆಗಳಾಗಿರುತ್ತವೆ. ಮಾರಾಟಕ್ಕಿರುವ ಅಥವಾ ಗ್ರಂಥಾಲಯಗಳಲ್ಲಿ ದೊರೆಯುವ ಪುರಾತನ ನಕ್ಷೆಗಳ ಪ್ರತಿಗಳು ಈ ದಾಖಲೆಗಳಿಗೆ ಬದಲಿಯಾಗಲಾರವು ಎಂಬುದನ್ನು ಅರ್ಜಿದಾರರು ಗಮನಿಸುವುದು.

ಆದಾಗ್ಯೂ ಅಂದಿನ ಕಾರ್ಯಕ್ಕೂ ಇಂದಿನ ಸೇವೆಗೂ ಒಂದು ನೇರ ಸಂಬಂಧವಿದೆ. ಪಟ್ಟಿಯಲ್ಲಿನ ಮೊತ್ತವು ಸರಿಯಾಗಿದ್ದ ಮಾತ್ರಕ್ಕೆ ಗಡಿಯು ಸರಿಯಾಗುವುದಿಲ್ಲ ಎಂಬುದನ್ನು 1799ರ ಒಪ್ಪಂದವು ತೋರಿಸಿತು. ಸ್ಥಳಕ್ಕೆ ಹೋಗಿ, ಎರಡೂ ಬದಿಯವರನ್ನು ವಿಚಾರಿಸಿ, ದಾಖಲೆಯನ್ನು ನೆಲದ ಗುರುತಿನೊಂದಿಗೆ ತಾಳೆ ನೋಡಿದ ನಂತರವೇ ಅದು ಗಡಿಯಾಯಿತು. ಹದ್ದುಬಸ್ತಿನ ಅರ್ಜಿಯಲ್ಲಿ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ನೀಡುವುದೂ, ಅವರ ಸಮಕ್ಷಮದಲ್ಲಿ ಅಳತೆ ಮಾಡುವುದೂ, ಪಂಚನಾಮೆ ಬರೆಯುವುದೂ ಇದೇ ಕಾರಣಕ್ಕಾಗಿ. ನೆರೆಯವರ ಗೈರುಹಾಜರಿಯಲ್ಲಿ ಎಳೆದ ಗೆರೆಯು ಮುಂದಿನ ವ್ಯಾಜ್ಯಕ್ಕೆ ಎಡೆಮಾಡಿಕೊಡುತ್ತದೆ.

ಅರ್ಜಿದಾರರು ಅಳತೆಯ ದಿನದಂದು ಸ್ಥಳದಲ್ಲಿ ಖುದ್ದಾಗಿ ಹಾಜರಿದ್ದು, ನೋಟಿಸು ಪಡೆದ ನೆರೆಯ ಹಿಡುವಳಿದಾರರೂ ಹಾಜರಾಗುವಂತೆ ಸಹಕರಿಸಬೇಕು. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ ಪ್ರಕಾರ ಗಡಿ ಗುರುತುಗಳನ್ನು ಸುಸ್ಥಿತಿಯಲ್ಲಿ ಕಾಪಾಡುವುದು ಹಿಡುವಳಿದಾರರ ಹೊಣೆಯಾಗಿದ್ದು, ಅವುಗಳನ್ನು ಕಿತ್ತುಹಾಕುವುದು ಅಥವಾ ಸ್ಥಳಾಂತರಿಸುವುದು ದಂಡನಾರ್ಹವಾಗಿರುತ್ತದೆ. ಊರಿನ ಎಲ್ಲೆಯಲ್ಲಿ ಲಿಂಗಮುದ್ರೆ, ವಾಮನಮುದ್ರೆ ಅಥವಾ ಮುಕ್ಕೊಡೆಯ ಹಳೆಯ ಕಲ್ಲುಗಳಿದ್ದಲ್ಲಿ ಅವುಗಳನ್ನು ಸಹ ಕದಲಿಸದೆ ಸಂರಕ್ಷಿಸುವಂತೆ ಸಾರ್ವಜನಿಕರನ್ನು ಕೋರಲಾಗಿದೆ.